ಸ್ಲೀಪ್‌ಗೆ ಹೋದ ಕಂಪ್ಯೂಟರ್ ಏಳುತ್ತಿಲ್ಲವೇ? ಪವರ್ ಬಟನ್ ಒತ್ತಿ ಹಿಡಿಯುವ ಮೊದಲು ಇಷ್ಟು ನೋಡಿ

ಸ್ಲೀಪ್‌ಗೆ ಹೋದ ಡೆಸ್ಕ್‌ಟಾಪ್ ಏಳದಿದ್ದರೆ ನಮ್ಮಲ್ಲಿ ಹೆಚ್ಚಿನವರು ಮಾಡುವುದು ಒಂದೇ ಕೆಲಸ. ಪವರ್ ಬಟನ್ ಒತ್ತಿ ಹಿಡಿಯುವುದು, ಅದಕ್ಕೂ ಬಗ್ಗದಿದ್ದರೆ ಪ್ಲಗ್ ಕೀಳುವುದು. ಆಮೇಲೆ ಕಂಪ್ಯೂಟರ್ ಆನ್ ಆಗುತ್ತದೆ, ನಿಜ. ಆದರೆ ಎಲ್ಲಿ ತೊಂದರೆ ಆಗಿತ್ತು ಎಂಬ ಸುಳಿವು ಅಲ್ಲಿಗೇ ಅಳಿಸಿಹೋಗುತ್ತದೆ. ಸೇವ್ ಮಾಡದ ಕೆಲಸವೂ ಹೋಗುತ್ತದೆ. ನಾಳೆ ಮತ್ತೆ ಅದೇ ರಗಳೆ. ಕೊನೆಗೆ ಅಂಗಡಿಗೆ ಒಯ್ದರೆ 'ಫಾರ್ಮ್ಯಾಟ್ ಹೊಡೀಬೇಕು ಸಾರ್' ಅನ್ನುವ ಉತ್ತರ ಸಿದ್ಧವಾಗಿರುತ್ತದೆ. ಎಷ್ಟೋ ಸಲ ಫಾರ್ಮ್ಯಾಟ್ ಬೇಕಾಗಿಯೇ ಇರುವುದಿಲ್ಲ.

ಸ್ಲೀಪ್‌ನಲ್ಲಿ ಏನಾಗುತ್ತದೆ ಎಂದು ಸ್ವಲ್ಪ ತಿಳಿದಿದ್ದರೆ ಹುಡುಕುವುದು ಸುಲಭ. ಪ್ರೊಸೆಸರ್, ಡಿಸ್ಕ್, ಫ್ಯಾನ್ ಎಲ್ಲ ನಿಂತಿರುತ್ತವೆ. ಬೂದಿ ಮುಚ್ಚಿದ ಕೆಂಡದ ಹಾಗೆ ರ‍್ಯಾಮ್ ಒಂದರಲ್ಲಿ ಜೀವ ಉಳಿದಿರುತ್ತದೆ. ನೀವು ತೆರೆದಿಟ್ಟ ನುಡಿ ಫೈಲು, ಎಕ್ಸೆಲ್ ಶೀಟು, ಬ್ರೌಸರ್ ಟ್ಯಾಬುಗಳು ಎಲ್ಲ ಇರುವುದು ಅಲ್ಲೇ. ಅದಕ್ಕೆ ಬೇಕಾದಷ್ಟು ಕರೆಂಟ್ ಎಸ್‌ಎಂಪಿಎಸ್‌ನ, ಅಂದರೆ ಸಿಪಿಯು ಡಬ್ಬದೊಳಗಿನ ಪವರ್ ಸಪ್ಲೈನ, 5 ವೋಲ್ಟ್ ಸ್ಟ್ಯಾಂಡ್‌ಬೈ ಲೈನಿನಿಂದ ಬರುತ್ತದೆ. ಬಣ್ಣದ ವೈರುಗಳಿರುವ ಎಸ್‌ಎಂಪಿಎಸ್ ಆದರೆ 24 ಪಿನ್ ಕನೆಕ್ಟರ್‌ನಲ್ಲಿ ಒಂಟಿಯಾಗಿ ಕಾಣುವ ನೇರಳೆ ವೈರೇ ಅದು. ಎಬ್ಬಿಸುವಾಗ ಮೊದಲು ಕೀಬೋರ್ಡ್ ಅಥವಾ ಮೌಸ್ ಸುದ್ದಿ ಮುಟ್ಟಿಸಬೇಕು. ಎಸ್‌ಎಂಪಿಎಸ್ ಪೂರ್ತಿ ಕರೆಂಟ್ ಬಿಡಬೇಕು. ಬಿಡಿಭಾಗಗಳನ್ನು ವಿಂಡೋಸ್ ಜೊತೆ ಮಾತಾಡಿಸುವ ಸಾಫ್ಟ್‌ವೇರ್, ಅಂದರೆ ಡ್ರೈವರ್‌ಗಳು ಮತ್ತೆ ಕೆಲಸಕ್ಕೆ ಇಳಿಯಬೇಕು. ಕೊನೆಗೆ ಮಾನಿಟರ್‌ಗೆ ಚಿತ್ರ ಹೋಗಬೇಕು. ಇವರಲ್ಲಿ ಏಳದೆ ಉಳಿದವರು ಯಾರು ಎಂದು ಮೊದಲು ಪತ್ತೆ ಮಾಡಬೇಕು.

ಮೊದಲ ಒಂದು ನಿಮಿಷ

ಯಾವ ಬಟನ್ನೂ ಒತ್ತದೆ ಸಿಪಿಯು ಡಬ್ಬದ ಕಡೆ ನೋಡಿ. ಪವರ್ ಲೈಟ್ ಮಿನುಗುತ್ತಿದೆಯೇ, ಸ್ಥಿರವಾಗಿ ಉರಿಯುತ್ತಿದೆಯೇ, ಆರಿದೆಯೇ? ಫ್ಯಾನ್ ಸದ್ದು ಇದೆಯೇ? ಆಮೇಲೆ ಕೀಬೋರ್ಡಿನ ಕ್ಯಾಪ್ಸ್ ಲಾಕ್ ಕೀ ನಾಲ್ಕೈದು ಸಲ ಒತ್ತಿ. ಅದರ ಪುಟ್ಟ ದೀಪ ಹತ್ತಿ ಆರುತ್ತಿದ್ದರೆ ವಿಂಡೋಸ್ ಎಚ್ಚರವಾಗಿದೆ ಎಂದರ್ಥ. ವೈರ್‌ಲೆಸ್ ಕೀಬೋರ್ಡ್‌ಗಳಲ್ಲಿ ಈ ದೀಪ ಇರದಿರಬಹುದು. ಪರೀಕ್ಷೆಗೆಂದು ಒಂದು ಹಳೆಯ ವೈರಿನ ಕೀಬೋರ್ಡ್ ಹೊಂದಿಸಿಕೊಂಡರೆ ಒಳ್ಳೆಯದು.

ಕಂಡದ್ದನ್ನು ಹೀಗೆ ಓದಿಕೊಳ್ಳಿ. ಫ್ಯಾನ್ ನಿಂತೇ ಇದೆ, ಲೈಟ್ ಮಿನುಗುತ್ತಿದೆ: ಏಳು ಎಂಬ ಸುದ್ದಿಯೇ ಒಳಗೆ ಮುಟ್ಟಿಲ್ಲ. ಫ್ಯಾನ್ ತಿರುಗುತ್ತಿದೆ, ಕ್ಯಾಪ್ಸ್ ಲಾಕ್ ದೀಪ ಹತ್ತುತ್ತಿದೆ: ಕಂಪ್ಯೂಟರ್ ಎದ್ದಿದೆ, ಮಾನಿಟರ್ ಅಥವಾ ಗ್ರಾಫಿಕ್ಸ್ ಎದ್ದಿಲ್ಲ. ಫ್ಯಾನ್ ತಿರುಗುತ್ತಿದೆ, ದೀಪ ಅಲುಗುತ್ತಿಲ್ಲ: ಅರ್ಧಕ್ಕೆ ಎದ್ದು ಹ್ಯಾಂಗ್ ಆಗಿದೆ. ಯಾವ ಲೈಟೂ ಇಲ್ಲ: ಕರೆಂಟಿನ ವಿಷಯ.

ಸುದ್ದಿ ಮುಟ್ಟದಿದ್ದರೆ

ಇದು ಎಲ್ಲಕ್ಕಿಂತ ಸುಲಭದ್ದು. ಪವರ್ ಬಟನ್ ಅನ್ನು ಒಂದೇ ಸಲ ಒತ್ತಿ ತಕ್ಷಣ ಬಿಡಿ. ಹಿಡಿದುಕೊಳ್ಳಬೇಡಿ, ನಾಲ್ಕು ಸೆಕೆಂಡು ದಾಟಿದರೆ ಕಂಪ್ಯೂಟರ್ ಆಫ್ ಆಗಿಬಿಡುತ್ತದೆ. ಸುಮ್ನೆ ಒಂದು ಸಲ ಒತ್ತಿದ್ದಕ್ಕೆ ಎದ್ದರೆ ಕಂಪ್ಯೂಟರ್ ಚೆನ್ನಾಗಿದೆ. ಕೀಬೋರ್ಡು, ಮೌಸಿಗೆ ಎಬ್ಬಿಸುವ ಅನುಮತಿ ಇಲ್ಲ, ಅಷ್ಟೇ. ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ ಡಿವೈಸ್ ಮ್ಯಾನೇಜರ್ ತೆರೆಯಿರಿ. ಅಲ್ಲಿ ಕೀಬೋರ್ಡಿನ ಪ್ರಾಪರ್ಟೀಸ್‌ಗೆ ಹೋಗಿ, ಪವರ್ ಮ್ಯಾನೇಜ್‌ಮೆಂಟ್ ಟ್ಯಾಬಿನಲ್ಲಿ 'ಅಲೋ ದಿಸ್ ಡಿವೈಸ್ ಟು ವೇಕ್ ದ ಕಂಪ್ಯೂಟರ್' ಎಂಬಲ್ಲಿ ಟಿಕ್ ಹಾಕಿ. ಮೌಸಿಗೂ ಹಾಗೆಯೇ.

ಟಿಕ್ ಇದ್ದರೂ ಏಳದಿದ್ದರೆ ಕೀಬೋರ್ಡನ್ನು ಯುಎಸ್‌ಬಿ ಹಬ್‌ನಿಂದ ತೆಗೆದು ಹಿಂಬದಿಯ ಪೋರ್ಟಿಗೆ, ಅಂದರೆ ನೇರ ಮದರ್‌ಬೋರ್ಡಿಗೆ ಚುಚ್ಚಿ. ಬ್ಲೂಟೂತ್ ಕೀಬೋರ್ಡಿನಿಂದ ಡೆಸ್ಕ್‌ಟಾಪ್ ಏಳುತ್ತದೆ ಎಂದು ಜಾಸ್ತಿ ನಂಬಬೇಡಿ. ಬಯೋಸ್‌ನಲ್ಲಿ, ಅಂದರೆ ವಿಂಡೋಸಿಗೂ ಮೊದಲು ಶುರುವಾಗುವ ಮದರ್‌ಬೋರ್ಡಿನ ಸ್ವಂತ ಸೆಟ್ಟಿಂಗ್ಸ್‌ನಲ್ಲಿ, 'ಇಆರ್‌ಪಿ' ಎಂಬ ಆಯ್ಕೆ ಆನ್ ಇದೆಯೇ ಎಂದೂ ನೋಡಿ. ಆಫ್ ಆಗಿರುವ ಯಂತ್ರ ಅರ್ಧ ವ್ಯಾಟಿಗಿಂತ ಹೆಚ್ಚು ಎಳೆಯಬಾರದು ಎಂಬ ಯುರೋಪಿನ ನಿಯಮಕ್ಕಾಗಿ ಮಾಡಿದ್ದು ಅದು. ಕೆಲವು ಬೋರ್ಡುಗಳಲ್ಲಿ ಅದು ಯುಎಸ್‌ಬಿಗೆ ಹೋಗುವ ಸ್ಟ್ಯಾಂಡ್‌ಬೈ ಕರೆಂಟನ್ನೂ ಕತ್ತರಿಸುತ್ತದೆ. ನಮಗೆ ಅದನ್ನು ಆಫ್ ಮಾಡಿದರೆ ನಷ್ಟವೇನಿಲ್ಲ.

ಎದ್ದಿದೆ, ಆದರೆ ಪರದೆ ಕಪ್ಪು

ಮೊದಲು ಮಾನಿಟರನ್ನೇ ಅದರ ಬಟನ್‌ನಿಂದ ಆಫ್ ಮಾಡಿ ಆನ್ ಮಾಡಿ. ಬಗ್ಗದಿದ್ದರೆ ಇನ್‌ಪುಟ್ ಬದಲಿಸಿ ನೋಡಿ. ಎಚ್‌ಡಿಎಂಐಗೆ ಕೇಬಲ್ ಹಾಕಿದ್ದರೂ ಮಾನಿಟರ್ ತಾನಾಗಿ ಬೇರೆ ಪೋರ್ಟ್ ಹುಡುಕಿಕೊಂಡು ಹೋಗಿರುತ್ತದೆ. ಡಿಸ್‌ಪ್ಲೇಪೋರ್ಟ್ ಕೇಬಲ್ ಇದ್ದವರಿಗೆ ಈ ಕಾಟ ಜಾಸ್ತಿ. ಮಾನಿಟರ್ ಗಾಢ ನಿದ್ದೆಗೆ ಜಾರಿದರೆ ಮಾನಿಟರ್ ಕೇಬಲ್ಲನ್ನೇ ಕಿತ್ತಿದ್ದಾರೆ ಎಂದು ಗ್ರಾಫಿಕ್ಸ್ ಕಾರ್ಡ್ ತಿಳಿಯುತ್ತದೆ. ಕೇಬಲ್ ತೆಗೆದು ಮತ್ತೆ ಹಾಕಿದರೆ ಚಿತ್ರ ಬರುತ್ತದೆ. ಹಾಗೆ ಬಂದರೆ ಮಾನಿಟರ್‌ನ ಮೆನುವಿನಲ್ಲಿ 'ಡೀಪ್ ಸ್ಲೀಪ್', 'ಆಟೋ ಸೋರ್ಸ್' ಎಂಬವುಗಳನ್ನು ಆಫ್ ಮಾಡಿ. ಒಂದು ಸಲ ಎಚ್‌ಡಿಎಂಐ ಕೇಬಲ್ ಹಾಕಿಯೂ ನೋಡಬಹುದು.

ಇದರಿಂದಲೂ ಆಗದಿದ್ದರೆ ವಿಂಡೋಸ್ ಕೀ, ಕಂಟ್ರೋಲ್, ಶಿಫ್ಟ್, ಬಿ ನಾಲ್ಕನ್ನೂ ಒಟ್ಟಿಗೆ ಒತ್ತಿ. ಇದು ಗ್ರಾಫಿಕ್ಸ್ ಡ್ರೈವರನ್ನು ಮಾತ್ರ ಮತ್ತೆ ಶುರು ಮಾಡುತ್ತದೆ. ಒಂದು ಬೀಪ್ ಕೇಳಬಹುದು, ಪರದೆ ಒಮ್ಮೆ ಮಿಟುಕಬಹುದು. ತೆರೆದಿಟ್ಟ ಫೈಲುಗಳಿಗೆ ಏನೂ ಆಗುವುದಿಲ್ಲ. ವಿಂಡೋಸ್ 10 ಮತ್ತು 11 ಎರಡರಲ್ಲೂ ಇದೆ. ಇಷ್ಟು ಉಪಯೋಗದ ಕೀಲಿಕೂಟವನ್ನು ಮೈಕ್ರೋಸಾಫ್ಟ್ ಯಾಕೆ ಇಷ್ಟು ಮೂಲೆಯಲ್ಲಿಟ್ಟಿದೆಯೋ!

ಅದಕ್ಕೂ ಜಗ್ಗದಿದ್ದರೆ ಬಲವಂತವಾಗಿ ಆಫ್ ಮಾಡಬೇಕಾಗುತ್ತದೆ. ಅದಕ್ಕೆ ಮೊದಲು ಕುರುಡಾಗಿಯೇ ಒಂದು ಪ್ರಯತ್ನ ಮಾಡಿ. ಒಮ್ಮೆ ಸ್ಪೇಸ್ ಬಾರ್ ಒತ್ತಿ, ಎರಡು ಕ್ಷಣ ಬಿಟ್ಟು ನಿಮ್ಮ ಪಿನ್ ಟೈಪ್ ಮಾಡಿ, ಎಂಟರ್ ಒತ್ತಿ. ಸ್ವಲ್ಪ ತಡೆದು ಕಂಟ್ರೋಲ್ ಎಸ್. ಮುಂದೆ ತೆರೆದಿದ್ದ ಫೈಲಿಗೆ ಮೊದಲೇ ಹೆಸರು ಕೊಟ್ಟಿದ್ದರೆ ಅದು ಸೇವ್ ಆಗುವ ಸಾಧ್ಯತೆ ಚೆನ್ನಾಗಿದೆ.

ಕಾಯಂ ಪರಿಹಾರಕ್ಕೆ ಡ್ರೈವರ್ ಕಡೆ ನೋಡಬೇಕು. ತೊಂದರೆ ಶುರುವಾಗಿದ್ದು ಯಾವಾಗ ಎಂದು ನೆನಪು ಮಾಡಿಕೊಳ್ಳಿ. ವಿಂಡೋಸ್ ಅಪ್‌ಡೇಟ್ ಆದ ಮೇಲೆ ಶುರುವಾಗಿದ್ದರೆ, ಅದರ ಜೊತೆ ಹೊಸ ಗ್ರಾಫಿಕ್ಸ್ ಡ್ರೈವರ್ ಸದ್ದಿಲ್ಲದೆ ಬಂದಿರಬಹುದು. ಡಿವೈಸ್ ಮ್ಯಾನೇಜರ್‌ನಲ್ಲಿ ಡಿಸ್‌ಪ್ಲೇ ಅಡಾಪ್ಟರ್‌ನ ಡ್ರೈವರ್ ಟ್ಯಾಬಿಗೆ ಹೋಗಿ 'ರೋಲ್ ಬ್ಯಾಕ್' ಒತ್ತಿ. ಮೊದಲಿನಿಂದಲೂ ಹೀಗೇ ಇದ್ದರೆ ಎನ್‌ವಿಡಿಯಾ, ಎಎಂಡಿ ಅಥವಾ ಇಂಟೆಲ್ ತಾಣದಿಂದಲೇ ಹೊಸ ಡ್ರೈವರ್ ಇಳಿಸಿಕೊಳ್ಳಿ. ಡ್ರೈವರ್ ಹುಡುಕಿ ಹಾಕಿಕೊಡುತ್ತೇವೆ ಎನ್ನುವ ಪುಕ್ಕಟೆ ಸಾಫ್ಟ್‌ವೇರ್‌ಗಳ ಸಹವಾಸ ಬೇಡ.

ಅರ್ಧಕ್ಕೆ ಎದ್ದು ಹ್ಯಾಂಗ್ ಆದರೆ

ಇಲ್ಲಿ ಪವರ್ ಬಟನ್ ಹಿಡಿದು ಆಫ್ ಮಾಡದೆ ಗತಿಯಿಲ್ಲ. ಆದರೆ ಆನ್ ಆದ ಕೂಡಲೇ ಸ್ಟಾರ್ಟ್ ಮೇಲೆ ರೈಟ್ ಕ್ಲಿಕ್ ಮಾಡಿ ಈವೆಂಟ್ ವ್ಯೂವರ್ ತೆರೆದು, ವಿಂಡೋಸ್ ಲಾಗ್ಸ್‌ನ ಒಳಗೆ ಸಿಸ್ಟಮ್ ಎಂಬುದನ್ನು ನೋಡಿ. ಪಟ್ಟಿ ನೋಡಿ ಗಾಬರಿಯಾಗಬೇಡಿ, ಚೆನ್ನಾಗಿರುವ ಕಂಪ್ಯೂಟರಿನಲ್ಲೂ ಅಲ್ಲಿ ಕೆಂಪು ಗುರುತು ಇದ್ದೇ ಇರುತ್ತದೆ. ನಿಮಗೆ ಬೇಕಾದ್ದು ಮೂರೇ ಸಂಖ್ಯೆ. ಕರ್ನಲ್ ಪವರ್ 42 ಎಂದರೆ ಕಂಪ್ಯೂಟರ್ ಸ್ಲೀಪ್‌ಗೆ ಇಳಿದ ಗಳಿಗೆ. ಪವರ್ ಟ್ರಬಲ್‌ಶೂಟರ್ 1 ಎಂದರೆ ಸರಿಯಾಗಿ ಎದ್ದ ಗಳಿಗೆ. ಕರ್ನಲ್ ಪವರ್ 41 ಎಂದರೆ ಸರಿಯಾಗಿ ಶಟ್‌ಡೌನ್ ಆಗದೆ ಮತ್ತೆ ಶುರುವಾಗಿದೆ ಎಂಬ ದಾಖಲೆ.

42ರ ನಂತರ 1 ಬಂದು ಆಮೇಲೆ 41 ಬಂದಿದ್ದರೆ ವಿಂಡೋಸ್ ಎದ್ದಿತ್ತು, ಎದ್ದ ಮೇಲೆ ಡ್ರೈವರ್ ಒಂದು ಕೈಕೊಟ್ಟಿದೆ. 4101 ಎಂಬ ಡಿಸ್‌ಪ್ಲೇ ದಾಖಲೆಯೂ ಜೊತೆಗಿದ್ದರೆ ಕಳ್ಳ ಸಿಕ್ಕಿದ ಹಾಗೆಯೇ, ಗ್ರಾಫಿಕ್ಸ್ ಡ್ರೈವರ್. 42ರ ನಂತರ ನೇರ 41 ಬಂದಿದ್ದರೆ ವಿಂಡೋಸ್ ಎದ್ದ ಗುರುತೇ ಇಲ್ಲ. ಆಗ ಅನುಮಾನ ಬಯೋಸ್, ರ‍್ಯಾಮ್, ಎಸ್‌ಎಂಪಿಎಸ್ ಕಡೆ ತಿರುಗಬೇಕು. ಇದೊಂದು ಗೊತ್ತಾದರೆ ಫಾರ್ಮ್ಯಾಟ್ ಮಾಡುವ ಖರ್ಚು ಎಷ್ಟೋ ಸಲ ಉಳಿಯುತ್ತದೆ.

ವಿಂಡೋಸ್ ಕಡೆಯ ತೊಂದರೆ ಎಂದು ಕಂಡರೆ ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ಗೆ ಹೋಗಿ. ಅಡ್ವಾನ್ಸ್ಡ್ ಸೆಟ್ಟಿಂಗ್ಸ್‌ನಲ್ಲಿ ಪಿಸಿಐ ಎಕ್ಸ್‌ಪ್ರೆಸ್‌ನ ಲಿಂಕ್ ಸ್ಟೇಟ್ ಪವರ್ ಮ್ಯಾನೇಜ್‌ಮೆಂಟ್ ಮತ್ತು ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ ಎಂಬ ಎರಡು ಕರೆಂಟ್ ಉಳಿಸುವ ಆಯ್ಕೆಗಳನ್ನು ಒಂದೊಂದಾಗಿ ಆಫ್ ಮಾಡಿ. ಎರಡನ್ನೂ ಒಟ್ಟಿಗೆ ಮಾಡಬೇಡಿ. ಒಂದನ್ನು ಮಾಡಿ ಒಂದೆರಡು ದಿನ ನೋಡಿ, ಇಲ್ಲದಿದ್ದರೆ ಯಾವುದರಿಂದ ಸರಿಹೋಯಿತು ಎಂದು ತಿಳಿಯುವುದಿಲ್ಲ.

ಇನ್ನೊಂದು ವಿಷಯ ಬಹಳ ಜನರಿಗೆ ಗೊತ್ತಿಲ್ಲ. ವಿಂಡೋಸ್ 8ರಿಂದ ಬಂದಿರುವ ಫಾಸ್ಟ್ ಸ್ಟಾರ್ಟಪ್ ಆನ್ ಇದ್ದರೆ, ಶಟ್‌ಡೌನ್ ಒತ್ತಿದರೂ ವಿಂಡೋಸಿನ ಒಳಭಾಗ ಪೂರ್ತಿ ಮುಚ್ಚುವುದಿಲ್ಲ. ಅದರ ಸ್ಥಿತಿ ಡಿಸ್ಕಿಗೆ ಬರೆದುಕೊಂಡು, ಮರುದಿನ ಅಲ್ಲಿಂದಲೇ ಮುಂದುವರಿಯುತ್ತದೆ. ಕೆಟ್ಟ ಡ್ರೈವರ್ ಕೂಡ ಹಾಗೇ ಮುಂದುವರಿಯುತ್ತದೆ. ನಿಜವಾಗಿ ಹೊಸದಾಗಿ ಶುರುವಾಗಬೇಕಾದರೆ ರೀಸ್ಟಾರ್ಟ್ ಒತ್ತಬೇಕು. ಪವರ್ ಆಪ್ಷನ್ಸ್‌ನಲ್ಲಿ ಪವರ್ ಬಟನ್ ಸೆಟ್ಟಿಂಗ್ ಇರುವಲ್ಲೇ ಈ ಫಾಸ್ಟ್ ಸ್ಟಾರ್ಟಪ್‌ನ ಟಿಕ್ ಇದೆ. ಎಸ್‌ಎಸ್‌ಡಿ ಇದ್ದರೆ ತೆಗೆದುಬಿಡಿ, ವ್ಯತ್ಯಾಸವೇ ಗೊತ್ತಾಗುವುದಿಲ್ಲ.

ರ‍್ಯಾಮ್ ಮೇಲೆ ಅನುಮಾನವಿದ್ದರೆ ಬಯೋಸ್‌ನಲ್ಲಿ ಎಕ್ಸ್‌ಎಂಪಿ ಆಫ್ ಮಾಡಿ ನೋಡಿ. ರ‍್ಯಾಮನ್ನು ಅದರ ಮಾಮೂಲಿ ವೇಗಕ್ಕಿಂತ ಹೆಚ್ಚು ಓಡಿಸುವ ಸೆಟ್ಟಿಂಗ್ ಅದು. ದಿನವಿಡೀ ತಕರಾರಿಲ್ಲದೆ ಓಡುವ ರ‍್ಯಾಮ್ ಸ್ಲೀಪ್‌ನಿಂದ ಏಳುವಾಗ ಮಾತ್ರ ಮುಗ್ಗರಿಸುವುದುಂಟು. ಡಬ್ಬ ತೆರೆಯಲು ಧೈರ್ಯವಿದ್ದರೆ ಪ್ಲಗ್ ಕಿತ್ತು, ಪವರ್ ಬಟನ್ ಅರ್ಧ ನಿಮಿಷ ಒತ್ತಿ ಉಳಿದ ಚಾರ್ಜ್ ಇಳಿಸಿ. ಆಮೇಲೆ ರ‍್ಯಾಮ್ ಕಡ್ಡಿ ತೆಗೆದು, ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಒರೆಸಿ, ಟಕ್ ಎನ್ನುವವರೆಗೆ ಮತ್ತೆ ಕೂರಿಸಿ. ಆನ್ ಮಾಡಿದಾಗ ಗಡಿಯಾರ ಹಳೆಯ ವರ್ಷ ತೋರಿಸುತ್ತಿದ್ದರೆ ಮದರ್‌ಬೋರ್ಡಿನ ಸಿಆರ್ 2032 ಬಿಲ್ಲೆ ಬ್ಯಾಟರಿ ಮುಗಿದಿದೆ. ಬಯೋಸ್ ಸೆಟ್ಟಿಂಗ್ ಎಲ್ಲ ಪದೇ ಪದೇ ಮರೆಯುವುದಕ್ಕೂ ಅದೇ ಕಾರಣ. ಮೂರು ವೋಲ್ಟಿನ ಆ ಬಿಲ್ಲೆ ನೂರು ರೂಪಾಯಿಯೊಳಗೇ ಸಿಗುತ್ತದೆ.

ಯಾವ ಲೈಟೂ ಇಲ್ಲದಿದ್ದರೆ

ನಮ್ಮ ಊರುಗಳಲ್ಲಿ ಕಂಪ್ಯೂಟರಿಗಿಂತ ಮೊದಲು ಕರೆಂಟನ್ನೇ ಅನುಮಾನಿಸಬೇಕು, ಅಲ್ವಾ? ಸ್ಲೀಪ್‌ನಲ್ಲಿರುವ ಸಿಪಿಯು ಸದ್ದೇ ಮಾಡುವುದಿಲ್ಲ. ರಾತ್ರಿ ಎಲ್ಲ ಸ್ವಿಚ್ ಆರಿಸಿ ಮಲಗುವ ಅಭ್ಯಾಸದ ಹಿರಿಯರು ಮನೆಯಲ್ಲಿದ್ದರೆ ಅವರ ಕೈ ಇದಕ್ಕೂ ಹೋಗಿರುತ್ತದೆ. ಕರೆಂಟ್ ಹೋಯಿತೆಂದರೆ ರ‍್ಯಾಮ್‌ನಲ್ಲಿದ್ದದ್ದೂ ಹೋಯಿತು.

ಯುಪಿಎಸ್ ಇದೆಯಲ್ಲ ಅನ್ನಬಹುದು. ಕೆಲವು ಯುಪಿಎಸ್‌ಗಳಿಗೆ ಒಂದು ಗುಣ ಇದೆ. ಬ್ಯಾಟರಿ ಮೇಲೆ ಓಡುವಾಗ ಲೋಡ್ ತೀರಾ ಕಡಿಮೆ ಇದ್ದರೆ, ಏನೂ ಓಡುತ್ತಿಲ್ಲ ಎಂದುಕೊಂಡು ಬ್ಯಾಟರಿ ಉಳಿಸಲು ತಾನೇ ಆಫ್ ಆಗುತ್ತವೆ. ಸ್ಲೀಪ್‌ನಲ್ಲಿರುವ ಕಂಪ್ಯೂಟರ್ ಎಳೆಯುವುದು ಕೆಲವೇ ವ್ಯಾಟ್. ರಾತ್ರಿ ಕರೆಂಟ್ ಹೋದಾಗ ಯುಪಿಎಸ್ ಹೀಗೆ ಮಲಗಿಬಿಟ್ಟರೆ ಬೆಳಿಗ್ಗೆ ನಿಮಗೆ ಕಾಣುವುದು ಸತ್ತ ಹಾಗಿರುವ ಸಿಪಿಯು. ಮ್ಯಾನ್ಯುಯಲ್‌ನಲ್ಲಿ 'ನೋ ಲೋಡ್ ಶಟ್‌ಡೌನ್' ಅಥವಾ 'ಗ್ರೀನ್ ಮೋಡ್' ಎಂದು ಬರೆದಿದೆಯೇ ನೋಡಿ. ಮನೆಯ ದೊಡ್ಡ ಇನ್ವರ್ಟರಿಗೇ ಕಂಪ್ಯೂಟರ್ ಕೊಟ್ಟಿದ್ದರೆ ಅದರ ಹಿಂಬದಿಯಲ್ಲಿ ಯುಪಿಎಸ್ ಮೋಡ್ ಸ್ವಿಚ್ ಇದೆಯೇ ಹುಡುಕಿ. ಅದು ಆಫ್ ಇದ್ದರೆ ಕರೆಂಟ್ ಬದಲಾಗುವ ಆ ಕ್ಷಣದ ಅಂತರವನ್ನು ಎಸ್‌ಎಂಪಿಎಸ್ ತಡೆದುಕೊಳ್ಳದಿರಬಹುದು.

ಇದಕ್ಕೆಲ್ಲ ಕಾಪು ಎಂದರೆ ಹೈಬ್ರಿಡ್ ಸ್ಲೀಪ್. ಡೆಸ್ಕ್‌ಟಾಪ್‌ಗೆಂದೇ ಮಾಡಿದ್ದು. ರ‍್ಯಾಮ್‌ನಲ್ಲಿದ್ದದ್ದನ್ನು ಡಿಸ್ಕಿಗೂ ಬರೆದಿಟ್ಟು ಆಮೇಲೆ ಮಲಗುತ್ತದೆ. ಕರೆಂಟ್ ಹೋದರೂ ಆನ್ ಮಾಡಿದಾಗ ಎಲ್ಲ ಹಾಗೇ ಸಿಗುತ್ತದೆ. ನಿಮ್ಮಲ್ಲಿದೆಯೇ ಎಂದು ನೋಡಲು ಕಮಾಂಡ್ ಪ್ರಾಂಪ್ಟ್ ತೆರೆಯಿರಿ. ಇಂಗ್ಲಿಷಿನಲ್ಲಿ ಪವರ್ ಎಂದು ಬರೆದು, ಅದಕ್ಕೆ ಅಂಟಿಸಿಯೇ ಸಿ, ಎಫ್, ಜಿ ಅಕ್ಷರ ಹಾಕಿ, ಒಂದು ಸ್ಪೇಸ್ ಬಿಟ್ಟು, ಓರೆ ಗೆರೆ ಮತ್ತು ಎ ಒತ್ತಿ ಎಂಟರ್ ಕೊಡಿ. ನಿಮ್ಮ ಕಂಪ್ಯೂಟರಿನಲ್ಲಿ ಯಾವ ಯಾವ ಬಗೆಯ ಸ್ಲೀಪ್ ಸಿಗುತ್ತದೆ, ಯಾವುದು ಯಾಕೆ ಸಿಗುವುದಿಲ್ಲ ಎಂಬ ಪಟ್ಟಿಯೇ ಬರುತ್ತದೆ. ಡಿಸ್ಕಿನಲ್ಲಿ ಜಾಗ ಉಳಿಸಲು ಹಿಂದೆ ಯಾರೋ ಹೈಬರ್ನೇಟ್ (ತೆರೆದಿದ್ದೆಲ್ಲವನ್ನೂ ಡಿಸ್ಕಿಗೆ ಬರೆದಿಟ್ಟು ಪೂರ್ತಿ ಆಫ್ ಆಗುವ ವಿಧಾನ) ಆಫ್ ಮಾಡಿದ್ದರೆ ಹೈಬ್ರಿಡ್ ಸ್ಲೀಪ್ ಕೂಡ ಇರುವುದಿಲ್ಲ. ಅದೇ ಕಮಾಂಡಿನಲ್ಲಿ ಎ ಬದಲು ಎಚ್ ಹಾಕಿ, ಸ್ಪೇಸ್ ಬಿಟ್ಟು ಆನ್ ಎಂದು ಬರೆದರೆ ಮರಳಿ ಬರುತ್ತದೆ. ಇದಕ್ಕೆ ಮಾತ್ರ ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದಿರಬೇಕು.

ಕರೆಂಟ್ ಸರಿ ಇದೆ, ಸ್ವಿಚ್ ಆನ್ ಇದೆ, ಆದರೂ ಸ್ಲೀಪ್‌ಗೆ ಹೋದಾಗಲೆಲ್ಲ ಪ್ಲಗ್ ಕಿತ್ತು ಹಾಕಿದರೆ ಮಾತ್ರ ಆನ್ ಆಗುತ್ತದೆ ಎಂದಾದರೆ ಎಸ್‌ಎಂಪಿಎಸ್ ಬದಲಿಸುವ ಕಾಲ ಬಂದಿದೆ. ಸ್ಟ್ಯಾಂಡ್‌ಬೈ ಲೈನ್ 4.75ರಿಂದ 5.25 ವೋಲ್ಟ್ ಒಳಗಿರಬೇಕು. ಮಲ್ಟಿಮೀಟರ್ ಇರುವ ಮೆಕ್ಯಾನಿಕ್ ಎರಡು ನಿಮಿಷದಲ್ಲಿ ಅಳೆದು ಹೇಳುತ್ತಾರೆ. ನೀವಾಗಿ ಎಸ್‌ಎಂಪಿಎಸ್ ಡಬ್ಬ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಅದರ ಕೆಪಾಸಿಟರ್‌ನಲ್ಲಿ 300 ವೋಲ್ಟ್ ಮೀರಿದ ಚಾರ್ಜ್ ಉಳಿದಿರಬಹುದು.

ವಿಂಡೋಸ್ ಬದಲು ಉಬುಂಟು ಬಳಸುವವರಿಗೂ ಮೊದಲ ನಿಮಿಷದ ಪರೀಕ್ಷೆ ಇದೇ. ಎನ್‌ವಿಡಿಯಾ ಕಾರ್ಡ್ ಇದ್ದರೆ ಮೊದಲ ಅನುಮಾನ ಅದರ ಡ್ರೈವರ್ ಮೇಲಿರಲಿ.

ಅಂಗಡಿಗೆ ಒಯ್ಯಲೇಬೇಕಾದರೆ 'ಆನ್ ಆಗ್ತಿಲ್ಲ' ಎಂದಷ್ಟೇ ಹೇಳಬೇಡಿ. ಲೈಟ್ ಹೇಗಿತ್ತು, ಫ್ಯಾನ್ ತಿರುಗುತ್ತಿತ್ತೇ, ಕ್ಯಾಪ್ಸ್ ಲಾಕ್ ಹತ್ತಿತೇ, 42ರ ನಂತರ ಲಾಗ್‌ನಲ್ಲಿ ಏನಿತ್ತು ಎಂದು ಹೇಳಿ. ಲಾಗ್‌ನ ಫೋಟೊ ಮೊಬೈಲ್‌ನಲ್ಲಿದ್ದರೆ ಇನ್ನೂ ಒಳ್ಳೆಯದು. ಬೇರೆ ಎಸ್‌ಎಂಪಿಎಸ್ ಹಾಕಿ ಒಂದು ಸಲ ಸ್ಲೀಪ್ ಮಾಡಿ ಎಬ್ಬಿಸಿ ತೋರಿಸಿ ಎಂದು ಕೇಳಿ, ಆಮೇಲೆ ದುಡ್ಡು ಕೊಡಿ. ಅಲ್ಲಿಯವರೆಗೆ ಪವರ್ ಸೆಟ್ಟಿಂಗ್ಸ್‌ನಲ್ಲಿ ಸ್ಲೀಪ್ ಎದುರು 'ನೆವರ್' ಎಂದಿಟ್ಟು, ಸ್ಕ್ರೀನ್ ಮಾತ್ರ 10 ನಿಮಿಷಕ್ಕೆ ಆಫ್ ಆಗುವ ಹಾಗೆ ಮಾಡಿಕೊಳ್ಳಿ. ರಾತ್ರಿ ಕೆಲಸ ಹಾಗೇ ಬಿಟ್ಟು ಏಳಬೇಕಿದ್ದರೆ ಹೈಬರ್ನೇಟ್ ಮಾಡಿ.