ಪ್ರವೇಶ ಪ್ರಬಂಧದಲ್ಲಿ ಹಾಸ್ಯ ಮತ್ತು ವಿಡಂಬನೆಯನ್ನು ಬಳಸುವ ಬಗೆ

ಕೋಲಾರದ ಕಡೆಯ ಪಿಯುಸಿ ವಿದ್ಯಾರ್ಥಿಗಳು ವಿದೇಶದ ಕಾಲೇಜುಗಳಿಗೆಂದು ಬರೆದ ಪ್ರಬಂಧಗಳ ಕರಡನ್ನು ಓದುವಾಗ ನನಗೆ ನೋವಾಗುವುದು ಇಂಗ್ಲಿಷಿನ ತಪ್ಪುಗಳಿಂದಲ್ಲ. ಮನೆಯಲ್ಲಿ ಎಲ್ಲರನ್ನೂ ನಗಿಸುವ ಹುಡುಗಿ ಬರೆಯಲು ಕುಳಿತೊಡನೆ ಸನ್ಮಾನಪತ್ರದ ಧಾಟಿಗೆ ಹೊರಳಿಬಿಡುವುದರಿಂದ. ಅಮೆರಿಕದ ಅನೇಕ ಕಾಲೇಜುಗಳು ಸ್ವೀಕರಿಸುವ ಕಾಮನ್ ಆ್ಯಪ್ ಅರ್ಜಿಯ ಮುಖ್ಯ ಪ್ರಬಂಧವು 250 ಪದಗಳಿಗೆ ಕಡಿಮೆಯಿರಬಾರದು, 650 ಪದಗಳನ್ನು ಮೀರಬಾರದು. ಇಷ್ಟು ಇಕ್ಕಟ್ಟಿನಲ್ಲಿ ಹಾಸ್ಯವು ಬರೆದವರ ಸ್ವಭಾವವನ್ನು ಕಾಣಿಸಬೇಕು. ಬರಿಯ ಚಟಾಕಿಗೆ ಅಲ್ಲಿ ಜಾಗವಿಲ್ಲ.

ಮೊದಲು ಒಂದು ಘಟನೆಯನ್ನು, ನಗಿಸುವ ಉದ್ದೇಶವಿಲ್ಲದೆ, ನಡೆದದ್ದು ನಡೆದಂತೆ ಬರೆದಿಟ್ಟುಕೊಳ್ಳಿ. ನಮ್ಮ ಕಡೆ ಮನೆಮನೆಗೂ ಗೊತ್ತಿರುವ ಕೊಳವೆಬಾವಿಯ ಕಥೆಯನ್ನೇ ನೋಡೋಣ. ನೀರಿರುವ ಜಾಗದ ಪಾಯಿಂಟ್ ತೋರಿಸುವವರು ಅಂಗೈಯಲ್ಲಿ ತೆಂಗಿನಕಾಯಿ ಇಟ್ಟುಕೊಂಡು ಹೊಲವನ್ನೆಲ್ಲ ಸುತ್ತುತ್ತಾರೆ, ಒಂದು ಕಡೆ ಕಾಯಿ ಎದ್ದು ನಿಲ್ಲುತ್ತದೆ, ಅಲ್ಲಿಗೆ ರಿಗ್ ಲಾರಿ ಬರುತ್ತದೆ, 1,200 ಅಡಿ ಕೊರೆದರೂ ಬರುವುದು ದೂಳು ಮಾತ್ರ. ಇದನ್ನು ಬರೆಯುತ್ತ ಊರಿನವರ ಮೂಢನಂಬಿಕೆಯನ್ನು ಲೇವಡಿ ಮಾಡಿದರೆ, ಓದುವವರಿಗೆ ಸಾಲ ಮಾಡಿ ಕೊರೆಸಿದ ಅಪ್ಪನ ಮೇಲೆ ಮರುಕ ಹುಟ್ಟುತ್ತದೆಯೇ ಹೊರತು ಬರೆದವರ ಮೇಲೆ ಗೌರವ ಹುಟ್ಟುವುದಿಲ್ಲ. ಅದನ್ನೇ ಹೀಗೆ ಬರೆಯಬಹುದು: ‘ಭೌತಶಾಸ್ತ್ರದಲ್ಲಿ 98 ಅಂಕ ಪಡೆದಿದ್ದ ನಾನು, ಯಾರೂ ಇಲ್ಲದಾಗ ಅದೇ ಕಾಯಿಯನ್ನು ಹಿಡಿದು ಹೊಲವನ್ನು ಎರಡು ಸುತ್ತು ಹಾಕಿದೆ. ಅದು ಎದ್ದು ನಿಂತದ್ದು ದನಗಳ ನೀರಿನ ತೊಟ್ಟಿಯ ಪಕ್ಕದಲ್ಲಿ. ಮರುದಿನ ಕಾಯಿ ಚಟ್ನಿಯಾಯಿತು. ನಾನು ಊರಿನ 11 ಕೊಳವೆಬಾವಿಗಳ ಆಳವನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಲು ಹೊರಟೆ.’ ಇಲ್ಲಿ ನಗು ಬರೆದವನ ಕಡೆಗೇ ತಿರುಗಿದೆ, ಅಪ್ಪನ ಮಾನ ಉಳಿದಿದೆ, ನಗುತ್ತಿರುವಾಗಲೇ ಅವನ ಕುತೂಹಲವೂ ಓದುವವರ ಕಣ್ಣಿಗೆ ಬೀಳುತ್ತದೆ. ಇಂಥ ಘಟನೆ ನಿಮ್ಮ ಬಾಳಿನಲ್ಲಿ ನಿಜವಾಗಿ ನಡೆದಿರಬೇಕು ಎಂಬುದರಲ್ಲಿ ನನಗೆ ರಾಜಿಯಿಲ್ಲ.

ವಿಡಂಬನೆಗೆ ಇನ್ನೂ ಹೆಚ್ಚಿನ ಎಚ್ಚರ ಬೇಕು. 2023ರ ಜುಲೈನಲ್ಲಿ ಕೋಲಾರದ ಮಾರುಕಟ್ಟೆಯಲ್ಲಿ 15 ಕಿಲೋ ಟೊಮೆಟೊ ಬಾಕ್ಸಿನ ಬೆಲೆ 2,000 ರೂಪಾಯಿ ದಾಟಿದಾಗ ರೈತರು ತೋಟಕ್ಕೆ ರಾತ್ರಿ ಕಾವಲು ಕುಳಿತರು. ಬೆಲೆ ಕುಸಿದಾಗ ಅದೇ ಹಣ್ಣನ್ನು ರಸ್ತೆ ಬದಿಗೆ ಸುರಿಯುತ್ತಾರೆ. ಕಾವಲು ಕುಳಿತ ವಿದ್ಯಾರ್ಥಿಯೊಬ್ಬ ಇದನ್ನು ‘ಟೊಮೆಟೊ ಕಾವಲುಗಾರನ ಕರ್ತವ್ಯಗಳು’ ಎಂಬ ಸರ್ಕಾರಿ ಸುತ್ತೋಲೆಯ ರೂಪದಲ್ಲಿ, ಎಲ್ಲಿಯೂ ನಗದೆ, ಗಂಭೀರವಾಗಿಯೇ ಆರಂಭಿಸಬಹುದು. ಆದರೆ ಕೋಲಾರವನ್ನೇ ಕಾಣದವರಿಗೆ ಬೆಲೆಯ ಏರಿಳಿತವನ್ನು ಒಂದು ವಾಕ್ಯದಲ್ಲಾದರೂ ತಿಳಿಸಬೇಕು. ಸುತ್ತೋಲೆಯನ್ನು ಪ್ರಬಂಧದ ಮೂರನೆಯ ಒಂದು ಭಾಗಕ್ಕೆ ನಿಲ್ಲಿಸಿ ಸ್ವಂತ ದನಿಗೆ ಮರಳಬೇಕು. ಇಲ್ಲವಾದರೆ 650 ಪದಗಳನ್ನೂ ಸುತ್ತೋಲೆಯೇ ನುಂಗಿ ವಿದ್ಯಾರ್ಥಿ ಕಾಣೆಯಾಗುತ್ತಾನೆ. ವಿಡಂಬನೆಯ ಗುರಿ ವ್ಯವಸ್ಥೆಯಾಗಿರಲಿ, ತಲೆಯ ಮೇಲೆ ಬಾಕ್ಸ್ ಹೊತ್ತವರಲ್ಲ.

ಜಾತಿ, ಮೈಬಣ್ಣ, ಮೇಷ್ಟರ ಉಚ್ಚಾರಣೆ, ಇವುಗಳನ್ನು ಮುಟ್ಟಲೇಬೇಡಿ. ಕನ್ನಡ ತೆಲುಗು ಬೆರೆತ ನಮ್ಮ ಮಾತಿನ ತಮಾಷೆ ನನಗೆ ಬಹಳ ಪ್ರಿಯ. ಆದರೆ ಪದಗಳ ಮೇಲೆ ನಿಂತ ನಗೆ ಇಂಗ್ಲಿಷಿಗೆ ದಾಟುವುದಿಲ್ಲ, ಸನ್ನಿವೇಶದ ನಗೆ ದಾಟುತ್ತದೆ. ಬ್ರಿಟನ್ನಿನ ವಿಶ್ವವಿದ್ಯಾಲಯಗಳಿಗೆ ಸೇರಲು ಸಲ್ಲಿಸುವ ಯುಕಾಸ್ ಅರ್ಜಿಯಲ್ಲಿ 2026ರ ಪ್ರವೇಶದಿಂದ 3 ಪ್ರಶ್ನೆಗಳಿಗೆ ಒಟ್ಟು 4,000 ಅಕ್ಷರಗಳೊಳಗೆ ಉತ್ತರಿಸಬೇಕು; ಅಲ್ಲಿ ಮುಖ್ಯವಾಗುವುದು ಓದಲಿರುವ ವಿಷಯದ ಮೇಲಿನ ಆಸಕ್ತಿ ಮತ್ತು ಸಿದ್ಧತೆಯಾದ್ದರಿಂದ ನಗೆಗೆ ಒಂದು ವಾಕ್ಯ ಸಾಕು.

ಕರಡು ಮುಗಿದ ಮೇಲೆ ಮನೆಯವರಲ್ಲದ ಒಬ್ಬರಿಗೆ ಗಟ್ಟಿಯಾಗಿ ಓದಿ ಹೇಳಿ, ಅವರು ನಕ್ಕ ಜಾಗವನ್ನು ಗುರುತು ಮಾಡಿಕೊಳ್ಳಿ. ಎರಡು ದಿನ ಬಿಟ್ಟು, ಬರೆದವರ ಬಗ್ಗೆ ಏನು ನೆನಪಿದೆ ಎಂದು ಕೇಳಿ. ಅವರಿಗೆ ತೆಂಗಿನಕಾಯಿ ಮಾತ್ರ ನೆನಪಿದ್ದು ನೋಟ್‌ಬುಕ್ಕು ಮರೆತುಹೋಗಿದ್ದರೆ, ಕಾಯಿಯ ಒಂದು ವಾಕ್ಯವನ್ನು ತೆಗೆದು ನೋಟ್‌ಬುಕ್ಕಿಗೆ ಎರಡು ವಾಕ್ಯ ಸೇರಿಸಿ, ಮತ್ತೆ ಓದಿ ಹೇಳಿ.