ಹಳೆಯ ಬೆಲ್ಜಿಯನ್ ಫುಟ್‌ಬಾಲ್ ಕ್ಲಬ್ಬೊಂದರ ಚರಿತ್ರೆಯನ್ನು ಬರೆಯುವ ಕ್ರಮ

ದಾವಣಗೆರೆಯಲ್ಲಿ ಫುಟ್‌ಬಾಲ್ ಆಡುವ ಹುಡುಗರು ಓದಲೆಂದು ಬ್ರಸೆಲ್ಸ್‌ನ ಯೂನಿಯನ್ ಸಾಂ-ಜಿಲ್ವಾಜ್ ಕ್ಲಬ್ಬಿನ ಚರಿತ್ರೆಯನ್ನು ಕನ್ನಡದಲ್ಲಿ ಬರೆಯಲು ಹೊರಟವರು ಮೊದಲು ಅದರ ನೋಂದಣಿ ಸಂಖ್ಯೆಯನ್ನು ಗುರುತು ಹಾಕಿಕೊಳ್ಳಬೇಕು. ಬೆಲ್ಜಿಯಂನಲ್ಲಿ 1926ರಿಂದ ಪ್ರತಿ ಕ್ಲಬ್ಬಿಗೂ ಇಂಥದೊಂದು ಸಂಖ್ಯೆಯಿದೆ. ರಾಯಲ್ ಆಂಟ್ವರ್ಪ್‌ನದು 1, ಯೂನಿಯನ್‌ನದು 10. ಮಾಲೀಕರು ಎಷ್ಟೇ ಬದಲಾಗಲಿ, ಸರ್ವೆ ನಂಬರ್ ಹಿಡಿದು ಪಹಣಿ ತೆಗೆಸಿ ಹೊಲದ ಪೂರ್ವಾಪರ ತಿಳಿಯುವ ನಮ್ಮ ಸೀಮೆಯವರಿಗೆ ಇದರ ಉಪಯೋಗವನ್ನು ಬಿಡಿಸಿ ಹೇಳಬೇಕಾಗಿಲ್ಲ. ಅದೇ ಬ್ರಸೆಲ್ಸ್‌ನ ಆರ್‌ಡಬ್ಲ್ಯುಡಿಎಂ ಎಂಬ ಕ್ಲಬ್ಬು 2002ರಲ್ಲಿ ದಿವಾಳಿಯಾದಾಗ 47ನೇ ಸಂಖ್ಯೆಯೂ ಅಳಿದುಹೋಯಿತು. 2015ರಲ್ಲಿ ಆ ಹೆಸರು ಮರಳಿದ್ದು ಬೇರೊಂದು ಕ್ಲಬ್ಬಿನ 5479ನೇ ಸಂಖ್ಯೆಯ ಮೇಲೆ. ಯೂನಿಯನ್ ಮಾತ್ರ ತನ್ನ ಹಳೆಯ ಸಂಖ್ಯೆಯಲ್ಲೇ ಉಳಿದು ಬಂದಿರುವುದರಿಂದ ಅದರ ಚರಿತ್ರೆಯನ್ನು ಒಂದೇ ಎಳೆಯಲ್ಲಿ ಬರೆಯಬಹುದು.

ಏಳಿಗೆಯ ಕಾಲಕ್ಕೆ ಹೆಚ್ಚು ಪುಟ ಬೇಕಿಲ್ಲ. 1897ರಲ್ಲಿ ಹುಟ್ಟಿದ್ದು, 1904ರಿಂದ 1935ರೊಳಗೆ 11 ಸಲ ರಾಷ್ಟ್ರೀಯ ಚಾಂಪಿಯನ್ ಆದದ್ದು, 1933ರಿಂದ 1935ರ ನಡುವೆ ಲೀಗ್‌ನಲ್ಲಿ ಸತತ 60 ಪಂದ್ಯ ಸೋಲದೆ ಆಡಿದ್ದು, ಆ ಓಟವನ್ನು ನೆರೆಯ ಡೇರಿಂಗ್ ತಂಡವೇ ನಿಲ್ಲಿಸಿದ್ದು, ಇಷ್ಟು ಸಾಕು. ಆದರೆ 1973ರಲ್ಲಿ ಮೇಲಿನ ದರ್ಜೆಯಿಂದ ಇಳಿದು 2021ರಲ್ಲಿ ಮರಳುವವರೆಗಿನ 48 ವರ್ಷಗಳನ್ನು ಒಂದೇ ವಾಕ್ಯದಲ್ಲಿ ದಾಟಬಾರದು. ಮೂರನೆಯ, ನಾಲ್ಕನೆಯ ದರ್ಜೆಗೂ ಕುಸಿದ ಆ ವರ್ಷಗಳಲ್ಲಿ ಕ್ಲಬ್ಬನ್ನು ಕಾಯ್ದವರು ಅಭಿಮಾನಿಗಳು. ಅವರು ಸೇರುತ್ತಿದ್ದ ಜೋಸೆಫ್ ಮಾರಿಯೆನ್ ಕ್ರೀಡಾಂಗಣ ಕ್ಲಬ್ಬಿನ ಹೆಸರಿನಲ್ಲಿರುವ ಸಾಂ-ಜಿಲ್‌ನಲ್ಲಿಲ್ಲ, ಪಕ್ಕದ ಫೊರೆ ಎಂಬ ಪುರಸಭೆಯ ವ್ಯಾಪ್ತಿಯಲ್ಲಿ, ಡ್ಯೂಡೆನ್ ಉದ್ಯಾನದ ಮಗ್ಗುಲಲ್ಲಿದೆ. ಅವಸರದ ಬರಹಗಳಲ್ಲಿ ಈ ವಿವರ ಸುಲಭವಾಗಿ ತಪ್ಪುತ್ತದೆ.

ಪುನರುತ್ಥಾನವನ್ನು ಪವಾಡವೆಂದು ಬರೆದರೆ ಓದುಗರಿಗೆ ಏನೂ ತಿಳಿದಂತಾಗುವುದಿಲ್ಲ, ಕಾರಣಗಳನ್ನು ಕೊಡಬೇಕು. 2018ರಲ್ಲಿ ಇಂಗ್ಲೆಂಡಿನ ಬ್ರೈಟನ್ ಕ್ಲಬ್ಬಿನ ಒಡೆಯ ಟೋನಿ ಬ್ಲೂಮ್ ಬಹುಪಾಲು ಷೇರು ಕೊಂಡರು. ಅಲೆಕ್ಸ್ ಮುಜಿಯೊ ಆಡಳಿತ ನಡೆಸಿದರು, 2023ರಲ್ಲಿ ಬಹುಪಾಲು ಅವರದೇ ಆಯಿತು. ಇವರ ಪದ್ಧತಿ ಅಂಕಿಅಂಶಗಳ ಲೆಕ್ಕದಿಂದ ಅಗ್ಗದ ಆಟಗಾರರನ್ನು ಹುಡುಕುವುದು. ಜರ್ಮನಿಯ ಮೂರನೇ ದರ್ಜೆಯ ಮೆಪ್ಪೆನ್ ತಂಡದಿಂದ ಬಂದ ಡೆನಿಜ್ ಉಂಡಾವ್ 2021–22ರಲ್ಲಿ ಬೆಲ್ಜಿಯಂನ ಅತಿ ಹೆಚ್ಚು ಗೋಲು ಗಳಿಸಿದ ಆಟಗಾರನಾದದ್ದನ್ನು ಉದಾಹರಣೆಯಾಗಿ ವಿವರಿಸಿದರೆ ಪದ್ಧತಿ ತಾನಾಗಿ ಅರ್ಥವಾಗುತ್ತದೆ.

ಅದೇ ವರ್ಷ ಮೊದಲ ಹಂತದಲ್ಲಿ ಅಗ್ರಸ್ಥಾನದಲ್ಲಿದ್ದ ತಂಡ ಕೊನೆಗೆ ಎರಡನೆಯದಾದದ್ದು ಹೇಗೆಂದು ನಮ್ಮ ಹುಡುಗರು ಕೇಳಿಯೇ ಕೇಳುತ್ತಾರೆ. ಮೊದಲ ಹಂತದ ಮುಂಚೂಣಿ ತಂಡಗಳು ಮತ್ತೆ ಸೆಣಸುವ ಪ್ಲೇಆಫ್‌ಗೆ ಮೊದಲು ಎಲ್ಲರ ಅಂಕಗಳನ್ನೂ ಅರ್ಧಕ್ಕೆ ಇಳಿಸುವ ನಿಯಮವಿದ್ದುದರಿಂದ ಮುನ್ನಡೆ ಕರಗುತ್ತಿತ್ತೆಂದು ಅಲ್ಲಿಯೇ ತಿಳಿಸಿಬಿಡಿ. (ನನಗಂತೂ ಅದು ಅನ್ಯಾಯವೆಂದೇ ತೋರುತ್ತದೆ.) 2024ರಲ್ಲಿ, 1914ರ ನಂತರ ಮೊದಲ ಬಾರಿಗೆ, ಬೆಲ್ಜಿಯನ್ ಕಪ್ ಬಂತು, 2025ರ ಮೇ 25ರಂದು ಗೆಂಟ್ ವಿರುದ್ಧ 3–1ರಿಂದ ಗೆದ್ದು 90 ವರ್ಷಗಳ ಬಳಿಕ 12ನೇ ಲೀಗ್ ಪ್ರಶಸ್ತಿ ಪಡೆಯಿತು. ಮುಂದಿನ ಚಾಂಪಿಯನ್ಸ್ ಲೀಗ್‌ನ ತವರು ಪಂದ್ಯಗಳನ್ನು ಅದು ಆಡಿದ್ದು ಅದೇ ನಗರದ ಪ್ರತಿಸ್ಪರ್ಧಿ ಕ್ಲಬ್ ಆಂಡರ್ಲೆಕ್ಟ್‌ನ ಅಂಗಳದಲ್ಲಿ, ಏಕೆಂದರೆ ಸುಮಾರು 9,000 ಜನ ಹಿಡಿಸುವ ಮಾರಿಯೆನ್ ಯುರೋಪಿನ ಪಂದ್ಯಗಳ ಕಟ್ಟಳೆಗೆ ಒಗ್ಗುವುದಿಲ್ಲ. ಪಂದ್ಯ ನೋಡಿ ಬರೆಯುವವರು ಬೆಲ್ಜಿಯಂನ ಸಮಯಕ್ಕೆ ಬೇಸಿಗೆಯಲ್ಲಿ ಮೂರೂವರೆ, ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ ಕೂಡಿಸಿಕೊಳ್ಳಬೇಕು. ಅಲ್ಲಿನ ರಾತ್ರಿಯ ಪಂದ್ಯಕ್ಕೆ ಇಲ್ಲಿ ತಾರೀಖೇ ಬದಲಾಗಿರುತ್ತದೆ, ದಿನಾಂಕ ನಮೂದಿಸುವಾಗ ಅಲ್ಲಿನದನ್ನೇ ಹಾಕಿ.