ಬೋರ್ ನೀರಲ್ಲೇ ಸಾವ್ಬ್ವಾ ಮೀನಿನ ಮರಿ ಮಾಡಿಸಿದೆ

"ಆರ್‌ಒ ಫಿಲ್ಟರ್ ನೀರಿಲ್ಲದೆ ಆಗೋ ಕೆಲಸ ಅಲ್ಲ ಬಿಡಿ" ಅಂದವರೇ ಈಗ ಫೋನ್ ಮಾಡಿ ಮರಿ ಇದ್ಯಾ ಅಂತ ಕೇಳುತ್ತಿದ್ದಾರೆ.

ಸಾವ್ಬ್ವಾ ಅನ್ನೋ ಈ ಅಕ್ವೇರಿಯಂ ಮೀನನ್ನು ಅಂಗಡಿಯಲ್ಲಿ ಏಷ್ಯನ್ ರಮ್ಮಿನೋಸ್ ಅಂತ ಮಾರುತ್ತಾರೆ. ಹಾಗಾಗಿ ರಮ್ಮಿನೋಸ್ ಅನ್ನೋ ಅಮೆಜಾನ್ ಟೆಟ್ರಾ ಮೀನಿಗೆ ಹೇಳುವ, ಸುಣ್ಣದಂಶ ಕಮ್ಮಿಯ ಮೆತ್ತನೆ ನೀರು, ಬಾದಾಮಿ ಎಲೆಯನ್ನೇ ಇದಕ್ಕೂ ಹೇಳುತ್ತಾರೆ. ಹತ್ತು ಸಾವಿರದ ಆರ್‌ಒ ಹಾಕಿಸಿದೆ. ಗಂಡುಗಳ ಮೂತಿಯ ಕೆಂಪು ಮಾಸಿತು, ಇಟ್ಟ ಮೊಟ್ಟೆಗೆಲ್ಲ ಬೂಸ್ಟು. ಮೈಮೇಲೆ ಹುರುಪೆಯೇ ಇಲ್ಲದ ಮೀನು ಇದು, ಔಷಧಿ ಹಾಕೋಕೂ ಭಯ. ಒಂದಕ್ಕೆ ಇನ್ನೂರರಂತೆ ತಂದದ್ದರಲ್ಲಿ ಅರ್ಧ ಹೋಯಿತು.

ಇದರ ಊರು ಮ್ಯಾನ್ಮಾರಿನ ಇನ್ಲೆ ಸರೋವರ. 1918ರಲ್ಲಿ ಪ್ರಾಣಿಶಾಸ್ತ್ರಜ್ಞ ಆನಂಡೇಲ್ ಹೆಸರಿಟ್ಟ ಮೀನು. ಸುತ್ತ ಸುಣ್ಣಕಲ್ಲಿನ ಬೆಟ್ಟ, ಗಡಸು ನೀರು. ಎತ್ತರ 900 ಮೀಟರ್ ಆಸುಪಾಸು, ನಮ್ಮ ಬೆಂಗಳೂರಿನಷ್ಟೇ! ನಮ್ಮ ಬೋರ್ ನೀರೂ ಬಕೆಟ್ಟಿಗೆ ಬಿಳಿ ಪಟ್ಟೆ ಕಟ್ಟುವಂಥದ್ದು. ಕರಗಿದ ಲವಣದ ಅಳತೆ ಟಿಡಿಎಸ್ ಆರುನೂರರ ಮೇಲೆ, ಪಿಎಚ್ ಎಂಟರ ಹತ್ತಿರ. ಆರ್‌ಒ ಮಾರಿ ಅದನ್ನೇ ತುಂಬಿಸಿದೆ. ಹೀಟರ್ ಇಲ್ಲ, 22–23 ಡಿಗ್ರಿ.

ವಾರ ಕಳೆಯುವಷ್ಟರಲ್ಲಿ ಕೆಂಪು ಏರಿತು, ಮೊಟ್ಟೆಯೂ ಬಂತು. ಅಪ್ಪ ಅಮ್ಮನೇ ತಿಂದು ಮುಗಿಸಿದವು. ಅದಕ್ಕೇ ಮೊಟ್ಟೆ ಸಂದಿಗೆ ಇಳಿಯಲಿ ಅಂತ ತಳಕ್ಕೆ ಗೋಲಿ, ಮೇಲೆ ಜಾವಾ ಮಾಸ್ ಅನ್ನೋ ನೀರುಗಿಡ, ಮೊಟ್ಟೆ ತಿನ್ನುವ ಬಸವನಹುಳು ಒಂದೂ ಇರಕೂಡದು. ಬೆಳಿಗ್ಗೆ ದೊಡ್ಡವನ್ನು ಎತ್ತಿಬಿಡಬೇಕು. ಎರಡು ದಿನಕ್ಕೆ ಮರಿ, ಗಾಜಿಗೆ ಅಂಟಿದ ರೆಪ್ಪೆಗೂದಲಿನ ಹಾಗೆ.

ಬಾಟಲಿ ಆಹಾರ ಹಾಕಿದ ಸಲವೆಲ್ಲ ರಾತ್ರಿಗೇ ನೀರು ಕದಡಿ ಮರಿ ಖಾಲಿ. ಇನ್ಫ್ಯೂಸೋರಿಯಾ, ಅಂದರೆ ನೀರಿನ ಸೂಕ್ಷ್ಮಜೀವಿಗಳು, ಒಂದೇ ದಾರಿ. ಅದನ್ನು ಯಾವುದರಿಂದ ಬೆಳೆಸುತ್ತೇನೆ ಅನ್ನೋದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಆಮೇಲೆ ಮೈಕ್ರೋವರ್ಮ್ ಅನ್ನೋ ಸಣ್ಣ ಹುಳು, ಆರ್ಟೀಮಿಯಾ ಅನ್ನೋ ಪುಟ್ಟ ಸೀಗಡಿಯಂಥ ಜೀವಿಯ ಮರಿ. ಆರ್ಟೀಮಿಯಾ ಡಬ್ಬದ ರೇಟು ಕೇಳಿ ಮನೆಯವರು ಇನ್ನೂ ಗೊಣಗುತ್ತಾರೆ.

ಟೆರೇಸಿನ ಸಿಮೆಂಟ್ ತೊಟ್ಟಿಯಲ್ಲೂ ಸುಮ್ನೆ ಒಂದಷ್ಟು ಬಿಟ್ಟು ನೋಡಿದೆ. ಡಿಸೆಂಬರ್ ಚಳಿಗೆ ಜಗ್ಗಲಿಲ್ಲ. ಆದರೆ ಏರೋಪ್ಲೇನ್ ಚಿಟ್ಟೆಯ ಮರಿಹುಳುಗಳು ಒಂದು ಮೀನುಮರಿಯನ್ನೂ ಉಳಿಸಲಿಲ್ಲ. ಈಗ ಬಲೆ ಹಾಕಿದ್ದೇನೆ.

ಕಳೆದ ಬ್ಯಾಚಿನಲ್ಲಿ ನೂರು ಚಿಲ್ಲರೆ ಮರಿ, ನಲವತ್ತು ದೊಡ್ಡವಾದವು. ಕಮ್ಮಿ ಅನ್ನಿಸಬಹುದು. ಆದರೆ ಕೆರೆಯಿಂದ ಹಿಡಿದು ತಂದ ಮೀನಿನ ಹಾಗೆ ಹೊಟ್ಟೆ ಬತ್ತಿ ಸೊರಗಿದ್ದು ಒಂದೂ ಇಲ್ಲ. ಇನ್ಲೆಯ ತೇಲುವ ಟೊಮೆಟೊ ತೋಟಗಳಿಗೆ ಹೊಡೆದ ಔಷಧಿ ಕೆರೆಗೇ ಇಳಿಯುತ್ತದೆ. ಅಲ್ಲಿಂದ ಇನ್ನೂ ಹಿಡಿಸಿ ತರಿಸೋದು ಯಾಕೆ, ಅಲ್ವಾ?

ನೂರೈವತ್ತರಂತೆ ಕೊಡುತ್ತಿದ್ದೇನೆ. ಆರ್‌ಒ ನೀರಿಗೆ ಬಿಡುತ್ತೇನೆ ಅನ್ನುವವರಿಗೆ ಮಾತ್ರ ಇಲ್ಲ.